ವಾಸಣ್ಣನ ಪಥ್ಯ

ಹೋಟೆಲಿನ ಗಿರಾಕಿಗಳು ವಾಸಣ್ಣನನ್ನು ಸೊಂಟದಿಂದ ಮೇಲೆ ಮಾತ್ರ ನೋಡಿದ್ದರು. ಅಡುಗೆಮನೆಯ ಕಿಂಡಿಯಲ್ಲಿ ಬೆವರಿದ ಮುಖ, ತಲೆಗೆ ಸುತ್ತಿದ ಬೈರಾಸು, ಕಾದ ಕಾವಲಿಯ ಮೇಲೆ ಒಂದೇ ಸುತ್ತಿಗೆ ದೋಸೆ ಹರಡುವ ಬಲಗೈ. ಕಿಂಡಿಯ ಕೆಳಗಿನ ಅರ್ಧವನ್ನು ಬಲ್ಲವರು ನಾವು ಕೆಲವರೇ. ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಊದಿದ ಎಡಪಾದವನ್ನು ಏರಿಸಿಟ್ಟು, ಮೈಭಾರವನ್ನೆಲ್ಲ ಬಲಗಾಲಿಗೆ ಹೊರಿಸಿ, ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಿದ್ದ.

ನನ್ನ ಅಪ್ಪ ಅದೇ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲಿನ ಹಣ ಎಣಿಸುತ್ತ ಕೂರುತ್ತಿದ್ದರು. ಚೆಂಬೂರಿನ ಚಾಳಿನಲ್ಲಿ ನಮ್ಮದೂ ವಾಸಣ್ಣನದೂ ಪಕ್ಕಪಕ್ಕದ ಖೋಲಿ. ಅವನೂ ಅವನ ಹೆಂಡತಿ ಗಿರಿಜಕ್ಕನೂ ತಮ್ಮೊಳಗೆ ತುಳು, ನಮ್ಮೊಡನೆ ಕನ್ನಡ, ಉಳಿದ ಲೋಕದೊಡನೆ ತಮ್ಮದೇ ಒಂದು ಹಿಂದಿ ಆಡುತ್ತಿದ್ದರು.

ಎಡಗಾಲಿನ ಕಥೆಯನ್ನು ವಾಸಣ್ಣ ಪರಾಕ್ರಮದಂತೆ ಹೇಳುತ್ತಿದ್ದ. ಪ್ರಾಯದಲ್ಲಿ, ಲೋಕಲ್ ರೈಲು ನಿಲ್ಲುವ ಮೊದಲೇ ಹಾರಿ ಇಳಿಯಲು ಹೋಗಿ ಪಾದದ ಗಂಟು ಮುರಿದುಕೊಂಡಿದ್ದ. ಪ್ಲಾಸ್ಟರ್ ಹಾಕಿ ಮಲಗಿದವನ ಕಿವಿಗೆ ಬಿದ್ದದ್ದು, ಅವನ ಕಾವಲಿಯ ಮುಂದೆ ಬೇರೊಬ್ಬನನ್ನು ನಿಲ್ಲಿಸಿದ್ದಾರೆ ಎಂಬ ಸುದ್ದಿ. ಮರುದಿನವೇ ಚಾಳಿನ ನಲ್ಲಿಯ ಕೆಳಗೆ ಕಾಲು ನೆನೆಸಿ, ತೆಂಗಿನಕಾಯಿ ಕತ್ತಿಯಿಂದ ಪ್ಲಾಸ್ಟರ್ ಸೀಳಿ, ಕುಂಟುತ್ತ ಕೆಲಸಕ್ಕೆ ಹೋದನಂತೆ.

"ಕಾವಲಿ ಬಿಟ್ಟವನಿಗೆ ಕಾವಲಿ ಇಲ್ಲ ಮಾರಾಯ್ತಿ," ಎನ್ನುತ್ತಿದ್ದ. "ಎಲುಬು ತನ್ನಷ್ಟಕ್ಕೆ ಕೂಡ್ತದೆ. ಹೋದ ಜಾಗ ಕೂಡ್ತದಾ?"

ಎಲುಬು ಕೂಡಿದ್ದು ನಿಜ. ಎಷ್ಟೋ ವರ್ಷ ಏನೂ ಆಗಲಿಲ್ಲ. ಆಮೇಲೆ, ಅವನ ಕೂದಲು ನೆರೆಯುವ ಹೊತ್ತಿಗೆ, ಆ ಗಂಟು ಊದತೊಡಗಿತು. ಬೆಳಿಗ್ಗೆ ಎದ್ದರೆ ಪಾದ ನೆಲಕ್ಕೆ ಊರುತ್ತಿರಲಿಲ್ಲ. ಚಾಳಿನ ತುದಿಯ ಸಂಡಾಸಿನವರೆಗೆ ಗೋಡೆ ಹಿಡಿದು ಹೋಗಿ, ಅಲ್ಲಿ ಕುಕ್ಕರಗಾಲಲ್ಲಿ ಕೂರಲಾಗದೆ ಅವನು ನರಳುವುದು ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುತ್ತಿತ್ತು. ಅವರು ಬಕೆಟ್ಟು ಕೆಳಗಿಟ್ಟು ಕಾಯುತ್ತಿದ್ದರು.

ಈ ನೋವಿಗೆ ವಾಸಣ್ಣ ಕಂಡುಕೊಂಡ ಕಾರಣ ಊಟ. ನಮ್ಮ ಕಡೆಯವರಿಗೆ ಮೈಯಲ್ಲಿ ಏನೇ ಕೆಟ್ಟರೂ ಮೊದಲು ತಟ್ಟೆಯ ಮೇಲೇ ಗುಮಾನಿ. ಉದ್ದು ವಾಯು, ಬಟಾಟೆ ವಾಯು, ಬದನೆ ನಂಜು, ಬಂಗುಡೆ ಮಹಾ ನಂಜು. ಒಂದೊಂದಾಗಿ ಎಲ್ಲವನ್ನೂ ಬಿಟ್ಟ. ಅರ್ಧ ಚೆಂಬೂರಿಗೆ ಮಸಾಲೆದೋಸೆ ತಿನ್ನಿಸುವ ಮನುಷ್ಯ ತಾನು ಮಾತ್ರ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು ಉಣ್ಣುತ್ತಿದ್ದ. ಅವನು ಬಿಟ್ಟದ್ದನ್ನೆಲ್ಲ ಗಿರಿಜಕ್ಕನೂ ಬಿಟ್ಟಳು. ಒಂದೇ ಖೋಲಿಯಲ್ಲಿ ಗಂಡ ಗಂಜಿ ಉಣ್ಣುವಾಗ ಎದುರು ಕೂತು ಮೀನು ತಿನ್ನುವುದು ಹೇಗೆ? ನಮ್ಮ ಮನೆಯ ಎಣ್ಣೆಯಲ್ಲಿ ಬಂಗುಡೆ ಮೀನು ಕಾಯುವ ದಿನ ಅವಳು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅಮ್ಮ ಒಂದು ತುಂಡಾದರೂ ತಿನ್ನೆಂದು ಒತ್ತಾಯಿಸಿದರೆ, "ಬೇಡ ಅಕ್ಕಾ, ಅಭ್ಯಾಸ ತಪ್ಪಿದೆ," ಎನ್ನುವಳು.

ಕೊನೆಗೆ ನಾನೇ ಆಫೀಸಿಗೆ ರಜೆ ಹಾಕಿ ಅವನನ್ನು ಎಲುಬಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು, "ಚಾಚಾ, ಯೇ ಪೈರ್ ಕಭೀ ಟೂಟಾ ಥಾ ಕ್ಯಾ?" ಎಂದು, ಈ ಕಾಲು ಹಿಂದೆಂದಾದರೂ ಮುರಿದಿತ್ತೇ ಎಂದು ಕೇಳಿದರು.

"ನಹೀ ನಹೀ," ಎಂದ ವಾಸಣ್ಣ.

ನನಗೆ ಸಿಟ್ಟು ನೆತ್ತಿಗೇರಿತು. "ಎಂತ ವಾಸಣ್ಣ, ಊರಿಗೆಲ್ಲ ಹೇಳ್ತೀರಿ, ಇವರಿಗೆ ಹೇಳ್ಲಿಕ್ಕೆ ಎಂತ?"

"ಕೂಡಿದ ಎಲುಬಿನ ಜಾತಕ ಇವರಿಗೆ ಎಂತಕ್ಕೆ?"

ನಾನೇ ಎಲ್ಲ ಹೇಳಿದೆ. ಡಾಕ್ಟರು ಎಕ್ಸ್‌ರೇಯ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದರು. ಮುರಿತ ಗಂಟಿನೊಳಕ್ಕೇ ಹೋಗಿತ್ತು. ಎಲುಬು ಓರೆಯಾಗಿ ಕೂಡಿಕೊಂಡಿತ್ತು. ಆ ಓರೆಯ ಮೇಲೆ ದಿನವಿಡೀ ನಿಂತು ನಿಂತು, ಎಲುಬುಗಳ ನಡುವಿನ ಮೆತ್ತನೆಯ ಪದರ ಸವೆದುಹೋಗಿತ್ತು. ಮುರಿದವರಿಗೆಲ್ಲ ಹೀಗಾಗುವುದಿಲ್ಲ, ಆದರೆ ಗಂಟಿನಲ್ಲಿ ಮುರಿದು ಸರಿಯಾಗಿ ಕೂಡದಿದ್ದರೆ ಎಷ್ಟೋ ವರ್ಷದ ಮೇಲೆ ಸಂಧಿವಾತ ಬರುವುದುಂಟು ಎಂದರು. ಆಪರೇಷನ್ ಮಾಡಿ ಗಂಟನ್ನು ಬೆಸೆದರೆ ನೋವು ತಗ್ಗಬಹುದು, ಆದರೆ ಕೆಲವು ತಿಂಗಳು ಕಾಲೂರುವಂತಿಲ್ಲ.

ವಾಸಣ್ಣ ಕೇಳಿದ್ದು ಒಂದೇ ಪ್ರಶ್ನೆ, ಊಟದ ಪಥ್ಯದ್ದು. "ಔರ್ ಖಾನೇ ಕಾ ಪರಹೇಜ್?"

"ಪರಹೇಜ್ ಕಾಯ್‌ಕೋ? ಸಬ್ ಖಾವೋ ಚಾಚಾ. ಬಸ್ ವಜನ್ ಮತ್ ಬಢಾವೋ." ಪಥ್ಯ ಏನೂ ಬೇಡ, ಎಲ್ಲ ತಿನ್ನಬಹುದು, ಮೈತೂಕ ಮಾತ್ರ ಏರಬಾರದು ಎಂದರ್ಥ.

ಮನೆಗೆ ಬಂದ ಮೇಲೆ ಆಪರೇಷನ್ ಮಾತೆತ್ತಿದರೆ ಮತ್ತೆ ಅದೇ ಪಲ್ಲವಿ, ಕಾವಲಿ ಬಿಟ್ಟವನಿಗೆ ಕಾವಲಿ ಇಲ್ಲ. ಪಥ್ಯವನ್ನೂ ಬಿಡಲಿಲ್ಲ. ಹೀಗೇ ಒಂದು ಭಾನುವಾರ ಹೋಟೆಲಿನ ನೂಕುನುಗ್ಗಲಿನಲ್ಲಿ ಎಡಗಾಲನ್ನು ಡಬ್ಬದಿಂದ ಇಳಿಸಿ ಊರಿದ, ಅದು ಒಮ್ಮೆಲೇ ಸೋತಿತು. ಬೀಳುವವನು ಆಧಾರಕ್ಕೆ ಊರಿದ್ದು ಕಾದ ಕಾವಲಿಯ ಮೇಲೆ, ಬಲ ಅಂಗೈಯನ್ನು. ಆ ಕೂಗು ಗಲ್ಲೆಯವರೆಗೆ ಕೇಳಿತೆಂದು ಅಪ್ಪ ಹೇಳಿದರು, ಆ ರಾತ್ರಿ ಅವರು ಊಟ ಮಾಡಲಿಲ್ಲ.

ಕೈ ವಾಸಿಯಾದ ಮೇಲೆ ಧಣಿಗಳು ಕರೆದು, ಕೂತು ನೀರುಳ್ಳಿ ಹೆಚ್ಚುವ ಕೆಲಸ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ವಾಸಣ್ಣ ಒಂದು ದಿನ ಹೆಚ್ಚಿದ. ತಾನು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಬ್ಬ ದೋಸೆ ಹರಡುವುದನ್ನು ನೋಡಿದ. ಮರುದಿನದಿಂದ ಹೋಗಲಿಲ್ಲ.

ಆಮೇಲೆ ಅವರು ಮುಲುಂಡ್‌ಗೆ ಹೋದರು. ಗಿರಿಜಕ್ಕನ ತಮ್ಮ ಅಲ್ಲೊಂದು ಬಾಡಿಗೆ ಖೋಲಿ ಹುಡುಕಿಕೊಟ್ಟಿದ್ದ, ಕಮೋಡ್ ಇರುವಂಥದ್ದು. ವಾಸಣ್ಣ ತೀರಿಕೊಂಡದ್ದು ಅಲ್ಲಿಯೇ, ಹೋದ ವರ್ಷ, ಎದೆನೋವಿನಿಂದ. ಅದಕ್ಕೆ ಸ್ವಲ್ಪ ಮೊದಲು ನಾನು ನೋಡಲು ಹೋಗಿದ್ದೆ. ಅಮ್ಮ ಬಂಗುಡೆ ಕಾಯಿಸಿ ಕಟ್ಟಿಕೊಟ್ಟಿದ್ದಳು. ಗಿರಿಜಕ್ಕ ಅದನ್ನು ತಟ್ಟೆಗೆ ಹಾಕಿ ಗಂಡನ ಮುಂದಿಟ್ಟಳು.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ತಟ್ಟೆಯನ್ನು ಸರಿಸಿದ.

"ತಿನ್ನಿ ವಾಸಣ್ಣ, ಡಾಕ್ಟ್ರೇ ಹೇಳಿದ್ದಲ್ವಾ," ಎಂದೆ.

"ಡಾಕ್ಟ್ರು ಹೇಳಿದ್ದು ಸರಿಯೇ ಇರಬಹುದು ಮಾರಾಯ್ತಿ," ಎಂದ. "ಆದ್ರೆ ನಾನು ಈಗ ಇದನ್ನು ತಿಂದ್ರೆ, ಪ್ಲಾಸ್ಟರ್ ಸೀಳಿ ಈ ಕಾಲು ಹಾಳು ಮಾಡಿದ್ದು ನಾನೇ ಅಂತ ಆಗ್ತದೆ. ತಪ್ಪು ನಂಜಿನ ಮೇಲೇ ಇರಲಿ ಬಿಡು."

ಗಿರಿಜಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅಲ್ಲೇ ನೆಲದ ಮೇಲೆ ಅವನೆದುರಿಗೆ ಕೂತು, ಮುಳ್ಳು ಬಿಡಿಸಿ ಬಿಡಿಸಿ ತಿನ್ನತೊಡಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ವಾಸಣ್ಣ ಅವಳನ್ನೇ ನೋಡುತ್ತಿದ್ದ. ಕೊನೆಯ ತುಂಡು ಮುಗಿದ ಮೇಲೆ ಅವಳು ತಲೆಯೆತ್ತಿ, "ನನ್ನ ಕಾಲು ಯಾವತ್ತೂ ಮುರಿದಿರ್ಲಿಲ್ಲ," ಎಂದಳು.