ಸಂತಳಿಗೆ ಬೆಳ್ಳಿಕಣ್ಣು

ಮಿಡಿಗೇಶಿಯ ಶಾಲೆಗೆ ವರ್ಗವಾಗಿ ಬಂದಾಗ ಕೊರಳಲ್ಲಿ ಶಿಲುಬೆ ಇದ್ದವಳು ಊರಿಗೆಲ್ಲ ನಾನೊಬ್ಬಳೇ. ಭಾನುವಾರದ ಬಲಿಪೂಜೆಗೆ ಚರ್ಚಿಗೆ ಹೋಗಲು ಎರಡು ಬಸ್ಸು ಹತ್ತಬೇಕು; ಮಧುಗಿರಿಯಲ್ಲಿ ಒಂದು ತಪ್ಪಿದರೆ ಆ ಭಾನುವಾರ ಮುಗಿದಂತೆಯೇ. ಬಾಡಿಗೆ ಕೋಣೆಯ ಗೋಡೆಗೆ ಅಮ್ಮ ಕೊಟ್ಟ ಪಟ ತೂಗುಹಾಕಿದ್ದೆ: ತನ್ನವೇ ಎರಡು ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದು ನಿಂತ ರಕ್ತಸಾಕ್ಷಿ ಸಂತಳು. ಸಂಜೆ ಜಪಸರ ಹಿಡಿದರೆ ಮರುನುಡಿ ಹೇಳುವವರಿಲ್ಲ. ಪ್ರಾರ್ಥನೆಯ ಅರ್ಧ ನಾನೇ ಹೇಳಿ, ಉಳಿದರ್ಧವನ್ನೂ ನಾನೇ ಹೇಳಬೇಕು. ಆ ಒಂಟಿತನ ಅನುಭವಿಸಿದವರಿಗೇ ಗೊತ್ತು.

ಮನೆಯೊಡತಿ ಅಜ್ಜಿಗೆ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, "ಇದ್ಯಾವಮ್ಮ, ಟೀಚರಮ್ಮ?" ಅಂದರು. ಯೇಸುವನ್ನು ಬಿಡು ಅಂದರೂ ಬಿಡಲಿಲ್ಲ, ಕಣ್ಣು ಕಿತ್ತರು, ಆಮೇಲೆ ಕೊಂದರು ಎಂದೆ. ಅಜ್ಜಿ ಲೊಚಗುಟ್ಟಿ ಎದ್ದುಹೋದರು.

ಆಪರೇಷನ್ನಿಗೆ ಹೋಗುವ ದಿನ ಬೆಳಿಗ್ಗೆ ಒಂದು ಜೊತೆ ಬೆಳ್ಳಿಕಣ್ಣು ತಂದರು. ಕಣ್ಣು ಕಾಣಿಸಲಿ ಎಂದು ಊರಮ್ಮನಿಗೆ ಹರಕೆ ಹೊತ್ತು ಮಾಡಿಸಿದ್ದು. ನಾನು ನೋಡನೋಡುತ್ತಿದ್ದಂತೆ ಮೇಣ ಹಚ್ಚಿ ಅದನ್ನು ನನ್ನ ಸಂತಳ ಮುಖಕ್ಕೆ ಅಂಟಿಸಿಬಿಟ್ಟರು! ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ಹೀಗೆಲ್ಲ ಮಾಡುವುದಿಲ್ಲ ಎಂದೆ. ಹರಕೆ ತಪ್ಪಿದರೆ ಊರಮ್ಮನಿಗೆ ಸಿಟ್ಟು ಬರುವುದಿಲ್ಲವೇ ಎಂದು ಹೆದರಿಸಿಯೂ ನೋಡಿದೆ.

"ಬಂದ್ರೆ ಬರ್ಲಿ ಬುಡು. ಅವ್ಳಿಗೆ ಊರೆಲ್ಲ ಕಣ್ಣು ಮಾಡಿಸ್ಕೊಡ್ತದೆ. ಇವ್ಳಿಗೆ ಇಲ್ಲಿ ಯಾರವ್ರೆ ಕಣಮ್ಮ?"

ನನಗೆ ಯಾರಿದ್ದಾರೆಂದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಕೀಳಲು ಎತ್ತಿದ ಕೈ ಇಳಿಸಿದೆ.

ಪೊರೆಯೇನೋ ತೆಗೆದರು. ಒಳಗಿನ ನರ ಮೊದಲೇ ಸತ್ತಿತ್ತಂತೆ, ಬೆಳಕು ಬರಲಿಲ್ಲ. ಕಟ್ಟು ಬಿಚ್ಚಿಸಿಕೊಂಡು ಬಂದ ಅಜ್ಜಿ ಜಗಲಿಯಲ್ಲಿ ಕೂತು ತಡವಿ ತಡವಿ ಅವರೆಕಾಯಿ ಸುಲಿಯುತ್ತಿದ್ದರು. ಸಂತಳ ಮೇಲೆ ನನಗೆ ಕೆಟ್ಟ ಕೋಪ ಬಂದಿತ್ತು.

"ಅಜ್ಜಿ, ಬೆಳ್ಳಿಕಣ್ಣು ಬಿಡಿಸಿಕೊಡ್ತೀನಿ. ಈಗಲಾದ್ರೂ ಊರಮ್ಮನಿಗೆ ಒಪ್ಪಿಸಿ, ತಪ್ಪಾಯ್ತು ಅಂತ ಕೇಳ್ಕೊಂಡು ಬರೋಣ" ಎಂದೆ.

ಅಜ್ಜಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಇಸ್ಕೊಂತಾರಾ? ಪಟದಾಗಿರೋ ನಿಮ್ಮಮ್ಮ ತನ್ನ ಕಣ್ಣ ವಾಪಸ್ ಇಸ್ಕೊಂಡ್ಲಾ?"

ನನಗೆ ಅಳು ತಡೆಯಲಾಗಲಿಲ್ಲ. ಸದ್ದು ಕೇಳಿ ಅಜ್ಜಿ ಮೊರ ಪಕ್ಕಕ್ಕಿಟ್ಟು, ಕೈಚಾಚಿ ನನ್ನ ಮುಖ ಹುಡುಕಿದರು.