ಕದದಾಚೆಯ ಎ ಗ್ರೇಡು

ರಾಮನಗರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಒಬ್ಬರಿದ್ದರು. ಗ್ರೇಡನ್ನು ಮೊದಲು ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದರು. ಬರೆದ ಪರೀಕ್ಷೆಗೆ ಎ, ಮಾತಿಗೆ ಸಿ ಬಂದ ಮಗುವಿಗೆ ಕೊನೆಗೆ ಒಂದೇ ಅಕ್ಷರ ಕೊಡಬೇಕಲ್ಲ, ಆ ಸಂಕಟ. ಪಕ್ಕದಲ್ಲಿ ಗಣಿತದ ಪೇಪರ್ ತಿದ್ದುತ್ತಿದ್ದ ನನ್ನನ್ನು ತಡೆದು, “ಬರ್ದವ್ಳೆ ಸರಿ, ಮಾತಾಡ್ತಾಳಾ?” ಎನ್ನುತ್ತಾ ರಬ್ಬರ್ ಹುಡುಕುತ್ತಿದ್ದರು.

ಮಕ್ಕಳು ತಡವರಿಸಿದರೆ ಉತ್ತರ ಮೇಡಂ ತುಟಿಯ ಮೇಲೇ ಆಡಿಬಿಡುತ್ತಿತ್ತು. ಅದನ್ನು ನೋಡಿಕೊಂಡು ಮಕ್ಕಳು ಒಪ್ಪಿಸುತ್ತಿದ್ದರು. ಅದಕ್ಕೇ ಮಾತಿನ ಪರೀಕ್ಷೆಗೆ ಮೇಡಂ ಕದ ಮುಚ್ಚಿ ಆಚೆ ನಿಲ್ಲುತ್ತಿದ್ದರು. ಒಳಗಿಂದ ಮಗು ಮಾತಾಡಿದ್ದು ಆಚೆ ಅರ್ಥವಾದರೆ ಎ. ಆ ಎ ಒಂದನ್ನು ಮಾತ್ರ ಧೈರ್ಯವಾಗಿ ಪೆನ್ನಿನಲ್ಲಿ ಬರೆಯುತ್ತಿದ್ದರು.

ಹೆದ್ದಾರಿ ಬದಿಯ ಹೊಲಗಳಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಹಾಗೆ ಎ ಪಡೆದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದೊಂದು ಫ್ಯಾಕ್ಟರಿಯ ಇಂಟರ್‌ವ್ಯೂಗೆ ಹೋಗಿ ಬಂದಳು. ಮರುದಿನ ಅವಳಪ್ಪ ಶಾಲೆಗೆ ಬಂದರು, ಜಗಳಕ್ಕಲ್ಲ.

“ಎದುರ್ಗೆ ಕುಂತು ಮಕ ನೋಡ್ಕಂಡು ಇಂಗ್ಲೀಸಲ್ಲಿ ಕೇಳುದ್ರಂತೆ ಮೇಡಮ್ಮೋರೆ. ಒಂದ್ ಮಾತೂ ಬರ್ನಿಲ್ವಂತೆ. ಕದ ಹಾಕಿದ್ರೆ ಹೇಳ್ಬುಡ್ತಿದ್ದೆ ಅಂತ ಅಳ್ತಾ ಕುಂತವ್ಳೆ.”

ಮೇಡಂ ಸೆರಗಿಗೆ ಕೈ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

ಮುಂದಿನ ಪರೀಕ್ಷೆಯ ದಿನ ಕದ ತೆರೆದೇ ಇತ್ತು. ಮೇಡಂ ಮಗುವಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗು ಅವರ ತುಟಿಯನ್ನೇ ನೋಡುತ್ತಿತ್ತು. ತುಟಿ ಅಲುಗದಿರಲೆಂದು ಮೇಡಂ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಕೈಯಲ್ಲಿದ್ದದ್ದು ಪೆನ್ಸಿಲ್ಲು.