ಮುಹೂರ್ತದ ಲೆನ್ಸು

ಹಾಲೇಶಣ್ಣನನ್ನು ನಾನು ಮೊದಲು ನೋಡಿದ್ದು ಬಿ.ದುರ್ಗದಲ್ಲಿ, ನಮ್ಮ ಅಕ್ಕ ಪಲ್ಲವಿಯ ಮದುವೆಯಲ್ಲಿ. ಕಪ್ಪು ಅಂಗಿ, ಬರಿಗಾಲು, ಕುತ್ತಿಗೆಯಲ್ಲಿ ಹೊಸದಾಗಿ ಕೊಂಡ ಮಿರರ್‌ಲೆಸ್ ಕ್ಯಾಮೆರಾ. ಗಟ್ಟಿಮೇಳಕ್ಕೆ ಸ್ವಲ್ಪ ಮುಂಚೆ ಅವನು ಅದರ ಲೆನ್ಸು ಬಿಚ್ಚಿ ಚೀಲಕ್ಕೆ ಹಾಕಿ, ವಿಭೂತಿ ಹಚ್ಚಿದ್ದ ಹಳೆಯ ಲೆನ್ಸೊಂದನ್ನು ಅಡಾಪ್ಟರ್ ಇಟ್ಟು ಕೂಡಿಸಿದ. ಅದು ಅವನ ಅಪ್ಪ ಪರಮೇಶ್ವರಪ್ಪನವರದು. ಹೊಳಲ್ಕೆರೆಯ ಅವರ ಸ್ಟುಡಿಯೋದಲ್ಲಿ ತಾಳಿ ಕಟ್ಟುವ ಫೋಟೋವನ್ನು ಆ ಲೆನ್ಸಿನಲ್ಲೇ ತೆಗೆಯುವುದು ಪದ್ಧತಿ. ಅದರಲ್ಲಿ ಹಿಡಿದ ಜೋಡಿ ಚೆನ್ನಾಗಿ ಬಾಳುತ್ತದೆಂದು ಸುತ್ತಲಿನವರೂ ನಂಬಿದ್ದರು.

ಊಟದ ಹೊತ್ತಿಗೆ ಅವನು ಪಂಕ್ತಿಗೆ ಬರದೆ ಕ್ಯಾಮೆರಾದ ಪರದೆಯನ್ನೇ ನೋಡುತ್ತ ಕೂತಿದ್ದ.

"ಊಟಕ್ಕೆ ಬರ್ರಿ ಅಣ್ಣ."

"ಏನ್ ಊಟನಪ್ಪ. ನಿಮ್ಮಜ್ಜಿ ಕೈ ಸಿಕ್ಕಿಲ್ಲ."

ಮೊದಲ ಅಕ್ಷತೆ ತಾನು ಹಾಕುವುದು ಫೋಟೋದಲ್ಲಿ ಬರಬೇಕೆಂದು ಅಜ್ಜಿ ದಾಕ್ಷಾಯಣಮ್ಮ ಹೇಳಿಟ್ಟಿದ್ದರು. ಒಂದು ಚಿತ್ರದಲ್ಲಿ ಅಜ್ಜಿಯ ಮುಷ್ಟಿ ಬಿಗಿಯಾಗಿತ್ತು. ಮುಂದಿನದರಲ್ಲಿ ಕೈ ಬರಿದಾಗಿತ್ತು.

"ಈ ಕ್ಯಾಮೆರಾ ಬರೀ ತಾಳಿ ಹೊತ್ತಿಗೇ ಕೈಕೊಡ್ತೈತೆ. ಮೂರು ಮದುವೆ ಹಿಂಗೇ ಆತು. ಹೊಸದುರ್ಗದೋರು ಮುಂದಿನ ವಾರದ ಮದುವೆ ಬ್ಯಾರೇರಿಗೆ ಕೊಡ್ತೀವಿ ಅಂತಾವ್ರೆ. ನಾಳೆ ಚಿತ್ರದುರ್ಗದ ಅಂಗಡಿಗೆ ಇದನ್ನ ವಾಪಸ್ ಕೊಟ್ಟುಬಿಡ್ತೀನಿ."

ಮರುದಿನ ನಾನೂ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಜೊತೆಗೇ ಹೋದೆವು. ಅಂಗಡಿಯ ಲಕ್ಷ್ಮೀಕಾಂತ್ ಎರಡೂ ಲೆನ್ಸು ಹಾಕಿ ನೋಡಿ ನಕ್ಕ.

"ಕ್ಯಾಮೆರಾ ಸರಿ ಐತಲ್ಲೋ. ಹೊಸ ಲೆನ್ಸಾದ್ರೆ ಸೆಕೆಂಡಿಗೆ ಹನ್ನೆರಡು ಹೊಡಿತೈತೆ, ಈ ಅಜ್ಜನ ಕಾಲದ್ದು ಹಾಕಿದ್ರೆ ನಾಕು. ಒಂದೊಂದು ಫೋಟೋಕ್ಕೂ ಇದು ಒಳಗಿನ ಬೆಳಕಿನ ಕಿಂಡಿ ಎಸಳು ಮುಚ್ಚಿ ತೆಗೀಬೇಕು, ಫೋಕಸ್ ಹುಡುಕ್ಬೇಕು. ಅಲ್ಲಿತನ ಕ್ಯಾಮೆರಾ ಕಾಯ್ಕಂಡು ನಿಂತಿರ್ತೈತೆ."

ಹಿಂದಿರುಗುವಾಗ ಬಸ್ಸಿನಲ್ಲಿ ಹಾಲೇಶಣ್ಣ, "ಕ್ಯಾಮೆರಾದ್ದೇ ತಪ್ಪಾಗಿದ್ರೆ ಚೆನ್ನಾಗಿತ್ತು. ಈಗ ಅಪ್ಪಾಜಿಗೆ ಏನಂತ ಹೇಳ್ಲಿ?" ಅಂದ.

ಅವನು ಹೇಳಲೇ ಇಲ್ಲ. ಸ್ಟುಡಿಯೋದಲ್ಲಿ ನನ್ನೆದುರಿಗೇ ಅಪ್ಪನ ಕೈಗೆ ಒಂದು ಹಿಡಿ ಅಕ್ಕಿ ಕೊಟ್ಟು, "ಎಸೀರಿ" ಅಂದ. ಹಳೆಯ ಲೆನ್ಸಿನಲ್ಲಿ ಒಮ್ಮೆ ತೆಗೆದ, ಹೊಸದರಲ್ಲಿ ಇನ್ನೊಮ್ಮೆ. ಪರಮೇಶ್ವರಪ್ಪನವರು ಕನ್ನಡಕ ಹಾಕಿಕೊಂಡು ಒಂದೊಂದೇ ಚಿತ್ರ ಸರಿಸಿದರು. ಎರಡನೆಯ ಸಲದವುಗಳಲ್ಲಿ ಅಕ್ಕಿ ಅವರ ಬೆರಳುಗಳಿಂದ ಬಿಡಿಸಿಕೊಂಡು ಗಾಳಿಯಲ್ಲಿ ಹರಡುವುದು ಕಾಳುಕಾಳಾಗಿ ಕಾಣುತ್ತಿತ್ತು.

"ಲೇ, ಮೂರು ಮದುವೆ ಕೆಡಿಸ್ಕಂಡು ಈಗ ತೋರಿಸ್ತೀಯಾ?"

"ನಿಮ್ ಲೆನ್ಸು ಅಪ್ಪಾಜಿ..."

"ನಂದೇ, ಗೊತ್ತೈತೆ. ನಾವು ಮಂತ್ರ ಹೇಳೋ ಅಯ್ನೋರ ಬಾಯಿ ನೋಡ್ಕಂಡು ಒಂದೇ ಒಂದು ಹೊಡಿತಿದ್ವಿ. ಅದಕ್ಕೆ ಅದು ಸಾಕಾಗಿತ್ತು. ನೀನು ಹನ್ನೆರಡು ಹೊಡಿಯೋನು, ನಿಂಗೆ ಸಾಕಾಗಲ್ಲ."

ಹೊಸದುರ್ಗದವರಿಗೆ ಪರಮೇಶ್ವರಪ್ಪನವರೇ ಫೋನ್ ಮಾಡಿದರು. "ನಮ್ ಹುಡುಗನೇ ಬರ್ತಾನ್ರಿ. ಫೋಟೋ ಸರಿ ಬರ್ಲಿಲ್ಲಂದ್ರೆ ನನ್ನ ಕೇಳ್ರಿ."

ಹಾಲೇಶಣ್ಣ ಈಗ ಹೊಳಲ್ಕೆರೆ, ಹೊಸದುರ್ಗ, ಸಿರಿಗೆರೆ ಕಡೆಯ ಮದುವೆಗಳಿಗೆ ಫೋಟೋ ತೆಗೆಯುತ್ತಾನೆ. ತಾಳಿ ಕಟ್ಟುವಾಗಲೂ ಲೆನ್ಸು ಬದಲಿಸುವುದಿಲ್ಲ.